ಬೇಸಿಗೆ ರಜೆಯ ಆರು ವಾರ: ಮಗಳ ಕಮ್ಯುನಿಟಿ ಕಾಲೇಜು ಕೋರ್ಸ್‌ಗಳ ಬಗ್ಗೆ ಒಬ್ಬ ತಾಯಿಯ ಅನುಭವ

ಯುಗಾದಿ ಮುಗಿಯಿತೆಂದರೆ ಕ್ಯಾಲಿಫೋರ್ನಿಯಾದ ಬೇ ಏರಿಯಾದ ನಮ್ಮ ಕನ್ನಡ ಕುಟುಂಬಗಳಲ್ಲಿ, ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ, ಒಂದೇ ಪ್ರಶ್ನೆ: ‘ಈ ಬೇಸಿಗೆಗೆ ಏನು ಮಾಡಿಸುತ್ತಿದ್ದೀರಿ?’ ಈ ಸಲ ಹಬ್ಬದ ಊಟದ ಸಾಲಿನಲ್ಲಿ ನಿಂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಷ್ಟರಲ್ಲಿ ನಾಲ್ಕು ಜನ ಕೇಳಿದರು. ತಟ್ಟೆ ಹಿಡಿದುಕೊಂಡು ಹೇಳಿ ಮುಗಿಸುವ ಉತ್ತರ ಅದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಎರಡು ಬಗೆಯ ವ್ಯವಸ್ಥೆಗಳನ್ನು ಹತ್ತಿರದಿಂದ ನೋಡಿದ್ದೇನೆ. ಮಗನನ್ನು ದೊಡ್ಡ ಹೆಸರಿನ ವಿಶ್ವವಿದ್ಯಾಲಯವೊಂದರ ಆವರಣದಲ್ಲಿ ನಡೆಯುವ, ಶುಲ್ಕ ಕಟ್ಟಿ ಸೇರುವ ಬೇಸಿಗೆ ಕಾರ್ಯಕ್ರಮಕ್ಕೆ ಕಳುಹಿಸಿದ್ದೆವು. ಮಗಳು ಎರಡು ಬೇಸಿಗೆ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಬಹುದಾದ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಎರಡು ವರ್ಷದ ಓದಿನ ಸಾರ್ವಜನಿಕ ಕಾಲೇಜಿನಲ್ಲಿ, ಒಂದೊಂದು ಕೋರ್ಸ್ ಮಾಡಿದಳು. ಅಂಕ ಕೊಡಿ ಎಂದರೆ ಕಮ್ಯುನಿಟಿ ಕಾಲೇಜಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ನೋಂದಣಿಯ ಗೋಳಿಗೆ. ಕಾಲೇಜಿನ ಹೆಸರು ಬರೆಯುವುದಿಲ್ಲ. ರಾಜ್ಯದಲ್ಲಿ ಇಂಥ ಕಾಲೇಜುಗಳು 116 ಇವೆ, ನಿಯಮಗಳು ಬಹುಮಟ್ಟಿಗೆ ಒಂದೇ.

ಮಗನ ಕಥೆ ಚಿಕ್ಕದು. ಮೂರು ವಾರ, ಆರು ಸಾವಿರ ಡಾಲರ್‌ಗೂ ಹೆಚ್ಚು ಖರ್ಚು. ಹಾಸ್ಟೆಲ್ಲಿನಲ್ಲಿ ಉಳಿದ, ಸ್ನೇಹಿತರನ್ನು ಮಾಡಿಕೊಂಡ, ಸಂತೋಷವಾಗಿಯೇ ಬಂದ. ಬರುವಾಗ ದಪ್ಪ ಕಾಗದದ ಪ್ರಮಾಣಪತ್ರವೊಂದನ್ನು ತಂದ. ಗ್ರೇಡ್ ಇಲ್ಲ, ಪದವಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಇಲ್ಲ, ಅಂಕಪಟ್ಟಿಯೂ ಇಲ್ಲ. ಕಾಲೇಜು ಪ್ರವೇಶದ ಅರ್ಜಿ ತುಂಬುವ ಹೊತ್ತಿಗೆ ಅದು ಚಟುವಟಿಕೆಗಳ ಪಟ್ಟಿಯಲ್ಲಿ ಒಂದು ಸಾಲಾಯಿತು. ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಕಾಮನ್ ಅಪ್ಲಿಕೇಷನ್‌ನಲ್ಲಿ ಒಂದು ಚಟುವಟಿಕೆಯ ವಿವರಣೆಗೆ ಸಿಗುವುದು 150 ಅಕ್ಷರಗಳ ಜಾಗ. ಆಯ್ಕೆ ಎನ್ನುವುದು ಹೆಸರಿಗೆ ಮಾತ್ರ ಇತ್ತು. ಹಣ ಕಟ್ಟಿದವರೆಲ್ಲ ಸೇರಿದ್ದರು. ಇದು ಪ್ರವೇಶ ಸಮಿತಿಯವರಿಗೂ ಗೊತ್ತಿರುತ್ತದೆ ಎನ್ನುವುದು ನನಗೆ ಹೊಳೆದದ್ದು ತಡವಾಗಿ. ದೊಡ್ಡ ವಿಶ್ವವಿದ್ಯಾಲಯಗಳ ಬೇಸಿಗೆ ಕಾರ್ಯಕ್ರಮಗಳೆಲ್ಲ ಹೀಗೆ ಎಂದು ಮಾತ್ರ ಯಾರೂ ತಿಳಿಯಬಾರದು. ಎಂಐಟಿಯಲ್ಲಿ ನಡೆಯುವ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್ ಇದೆ, ಟೆಲ್ಯುರೈಡ್ ಅಸೋಸಿಯೇಷನ್ನಿನ ಬೇಸಿಗೆ ವಿಚಾರಗೋಷ್ಠಿ ಇದೆ. ಅಲ್ಲಿ ಆಯ್ಕೆ ನಿಜವಾಗಿಯೂ ಕಠಿಣ, ಆಯ್ಕೆಯಾದವರಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ. ಯುಸಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳಲ್ಲಿ ನಾಲ್ಕು ವಾರ ನಡೆಯುವ ಕಾಸ್ಮಾಸ್ ಎಂಬ ವಿಜ್ಞಾನ, ಗಣಿತದ ಕಾರ್ಯಕ್ರಮಕ್ಕೆ ಶುಲ್ಕವಿದ್ದರೂ ಆಯ್ಕೆಯಿದೆ, ನೆರವೂ ಸಿಗುತ್ತದೆ. ಇವು ಸಿಕ್ಕರೆ ಕಣ್ಣು ಮುಚ್ಚಿಕೊಂಡು ಕಳುಹಿಸಿ. ಸಿಗದ ಸಾವಿರಾರು ಮಕ್ಕಳ ಮನೆಯವರಿಗೆ ನನ್ನ ಈ ಬರಹ.

ಇನ್ನು ಕಮ್ಯುನಿಟಿ ಕಾಲೇಜು. ಮೊದಲು ಹಣದ ಮಾತು. ಸೆಮಿಸ್ಟರ್ ಪದ್ಧತಿಯ ಕಾಲೇಜಿನಲ್ಲಿ ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಒಂದು ಯೂನಿಟ್‌ಗೆ (ಕೋರ್ಸಿನ ಗಾತ್ರವನ್ನು ಅಳೆಯುವ ಲೆಕ್ಕ) 46 ಡಾಲರ್ ಶುಲ್ಕ. ಹೈಸ್ಕೂಲಿನಲ್ಲಿದ್ದುಕೊಂಡೇ ಕೋರ್ಸ್ ಮಾಡುವ ಮಕ್ಕಳಿಗೆ ಸಾಮಾನ್ಯವಾಗಿ ಅದನ್ನೂ ಮನ್ನಾ ಮಾಡುತ್ತಾರೆ. ನಮಗೆ ತಗುಲಿದ್ದು ಸಣ್ಣಪುಟ್ಟ ಶುಲ್ಕಗಳು ಮತ್ತು ಬಸ್ಸಿನ ಖರ್ಚು. ಮೊದಲ ಕೋರ್ಸ್ ಸಂಖ್ಯಾಶಾಸ್ತ್ರ. ಅದರ ಪಠ್ಯಪುಸ್ತಕಕ್ಕೂ ಕಾಸು ಬೇಕಾಗಲಿಲ್ಲ. ಓಪನ್‌ಸ್ಟ್ಯಾಕ್ಸ್ ಎಂಬ ಸಂಸ್ಥೆ ಉಚಿತವಾಗಿ ಕೊಡುವ ಪುಸ್ತಕವನ್ನೇ ಮೇಷ್ಟ್ರು ಹಚ್ಚಿದ್ದರು. ಅದನ್ನು ಬರೆದ ಬಾರ್ಬರಾ ಇಲೌಸ್ಕಿ ಮತ್ತು ಸೂಸನ್ ಡೀನ್ ಇಬ್ಬರೂ ಇಲ್ಲಿಯೇ ಕ್ಯೂಪರ್ಟಿನೋದ ಡಿ ಆನ್ಜಾ ಕಮ್ಯುನಿಟಿ ಕಾಲೇಜಿನಲ್ಲಿ ಪಾಠ ಹೇಳಿದವರು. ‘ಕಮ್ಯುನಿಟಿ ಕಾಲೇಜಿನ ಪಾಠದ ಮಟ್ಟ ಏನಿರುತ್ತದೆ ಬಿಡಿ’ ಎಂದು ಮೂಗು ಮುರಿಯುವವರಿಗೆ ನಾನು ಈ ಪುಸ್ತಕವನ್ನು ತೆರೆದು ತೋರಿಸುತ್ತೇನೆ.

ಗೋಳಿರುವುದು ಸೇರಿಕೊಳ್ಳುವುದರಲ್ಲಿ. ಪ್ರತಿ ಅವಧಿಗೂ ಹೊಸ ಫಾರಂ. ಅದಕ್ಕೆ ಪೋಷಕರ ಸಹಿ ಬೇಕು, ಶಾಲೆಯ ಒಪ್ಪಿಗೆ ಬೇಕು. ಬೇಸಿಗೆಯ ಅವಧಿಗೆ ಒಂದೊಂದು ತರಗತಿಯಿಂದ ಶೇ 5ಕ್ಕಿಂತ ಹೆಚ್ಚು ಮಕ್ಕಳನ್ನು ಪ್ರಾಂಶುಪಾಲರು ಶಿಫಾರಸು ಮಾಡುವಂತಿಲ್ಲ ಎಂಬ ಮಿತಿ, ಕೆಲವು ವಿನಾಯಿತಿಗಳೊಂದಿಗೆ, ರಾಜ್ಯದ ಶಿಕ್ಷಣ ಸಂಹಿತೆಯಲ್ಲಿದೆ. ಹಾಗಾಗಿ ಮೇ ತಿಂಗಳ ಕೊನೆಗೆ ಎದ್ದು ಓಡಾಡಿದರೆ ಆಗದು. ನೋಂದಣಿಯ ಸರದಿಯಲ್ಲೂ ಹೈಸ್ಕೂಲು ಮಕ್ಕಳದು ಕೊನೆಯ ಸ್ಥಾನ. ಇದು ನ್ಯಾಯವೇ, ಕಾಲೇಜು ಇರುವುದು ಮೊದಲು ಅಲ್ಲಿನ ವಿದ್ಯಾರ್ಥಿಗಳಿಗಾಗಿ. ಆದರೆ ನಮ್ಮ ಸರದಿ ಬಂದ ಬೆಳಿಗ್ಗೆ ಏಳು ಗಂಟೆಗೆ ಕಂಪ್ಯೂಟರ್ ಮುಂದೆ ಕುಳಿತ ಮಗಳಿಗೆ ಸಿಕ್ಕಿದ್ದು ವೇಟ್‌ಲಿಸ್ಟಿನಲ್ಲಿ ಆರನೆಯ ಸಂಖ್ಯೆ. ಶಾಲೆಯ ಕೌನ್ಸೆಲರ್ ಕಚೇರಿಯಲ್ಲಿ ನಮ್ಮ ಫಾರಂ ಒಂಬತ್ತು ದಿನ ಹಾಗೆಯೇ ಬಿದ್ದಿತ್ತು, ಮೂರು ಸಲ ನೆನಪಿಸಬೇಕಾಯಿತು. ಆ ಒಂಬತ್ತು ದಿನ ಉಳಿದಿದ್ದರೆ ಏನಾಗುತ್ತಿತ್ತೋ ಎಂದು ನನಗೆ ಈಗಲೂ ಅನ್ನಿಸುತ್ತದೆ.

ವೇಟ್‌ಲಿಸ್ಟಿನಲ್ಲಿದ್ದವರು ಕೈಚೆಲ್ಲಿ ಕೂರಬಾರದು. ಮೊದಲ ದಿನ ತರಗತಿಗೆ ಹೋಗಿ ಕುಳಿತುಕೊಳ್ಳಬೇಕು. ಮೊದಲ ದಿನ ಬಾರದವರ ಹೆಸರನ್ನು ಮೇಷ್ಟ್ರು ತೆಗೆದುಹಾಕುತ್ತಾರೆ, ಜಾಗ ಖಾಲಿಯಾಗುತ್ತದೆ. ಮಗಳಿಗೆ ಎರಡನೆಯ ದಿನ ಸೇರ್ಪಡೆಯ ಸಂಕೇತಸಂಖ್ಯೆ ಸಿಕ್ಕಿತು.

ಇಲ್ಲಿ ತಂದೆತಾಯಂದಿರಿಗೆ ಒಂದು ಮಾತು. ಆ ಆತಂಕದಲ್ಲಿ ನಾನೇ ಕಾಲೇಜಿಗೆ ಫೋನ್ ಮಾಡಿದ್ದೆ. ಆಚೆ ಬದಿಯ ಹೆಂಗಸು ಬಹಳ ಮರ್ಯಾದೆಯಿಂದ, ವಿದ್ಯಾರ್ಥಿಯೇ ಮಾತನಾಡಬೇಕು, ನಿಮ್ಮ ಜೊತೆ ಆಕೆಯ ವಿಷಯ ಚರ್ಚಿಸುವಂತಿಲ್ಲ ಎಂದರು. ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆ ಕಾಯುವ 1974ರ ಫರ್ಪಾ ಕಾನೂನಿನ ಪ್ರಕಾರ, ಮಗು ಕಾಲೇಜಿನಲ್ಲಿ ದಾಖಲಾದ ಕ್ಷಣದಿಂದ, ಹದಿನೆಂಟು ತುಂಬದಿದ್ದರೂ, ಆ ಕಾಲೇಜಿನ ದಾಖಲೆಗಳ ಮೇಲಿನ ಹಕ್ಕು ಮಗುವಿನದೇ. ಹದಿನಾರು ವರ್ಷದ ಹುಡುಗಿಯ ತಾಯಿಗೆ ಹೀಗೆಂದರೆ ಹೇಗಾಗಬೇಡ? ಫೋನ್ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಅವತ್ತು ಸಂಜೆ ಮಗಳು ತಾನೇ ಮೇಷ್ಟ್ರಿಗೆ ಐದು ಸಾಲಿನ ಇ-ಮೇಲ್ ಬರೆದಳು. ಬರೆದು, ಅಳಿಸಿ, ಮತ್ತೆ ಬರೆದು, ಕಳುಹಿಸುವ ಮೊದಲು ನನಗೆ ತೋರಿಸಲಿಲ್ಲ. ಕೊಟ್ಟ ದುಡ್ಡಿಗೆ ಏನು ಸಿಕ್ಕಿತು ಎಂದು ಲೆಕ್ಕ ಹಾಕುವವರು ಈ ಐದು ಸಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸಂಖ್ಯಾಶಾಸ್ತ್ರವನ್ನು ಆರಿಸಿದ್ದು ಏಕೆ? ನಮ್ಮ ಪರಿಚಯದ ಸಲಹೆಗಾರರೊಬ್ಬರು ಅರ್ಜಿಯಲ್ಲಿ ಚೆನ್ನಾಗಿ ಕಾಣುತ್ತದೆಂದು ವ್ಯವಹಾರ ನಿರ್ವಹಣೆಯ ಕೋರ್ಸ್ ಹೇಳಿದ್ದರು. ಮಗಳಿಗೆ ಅದರಲ್ಲಿ ಎಳ್ಳಷ್ಟೂ ಮನಸ್ಸಿರಲಿಲ್ಲ. ಅವಳ ಶಾಲೆಯಲ್ಲಿ ಸಂಖ್ಯಾಶಾಸ್ತ್ರದ ತರಗತಿ ಅವಳ ಇನ್ನೊಂದು ಇಷ್ಟದ ವಿಷಯದ ಹೊತ್ತಿಗೇ ಬರುತ್ತಿತ್ತು, ಎರಡನ್ನೂ ತೆಗೆದುಕೊಳ್ಳಲು ಸಾಧ್ಯವಿರಲಿಲ್ಲ. ಕಾರಣ ಅಷ್ಟೇ. ಆದರೆ ಆ ಕಾರಣ ಅವಳದೇ ಆಗಿತ್ತು.

ಆರು ವಾರದ ಕೋರ್ಸ್ ಎಂದರೆ ಏನು ಎಂಬುದನ್ನು ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಇಲ್ಲಿನ ನಿಯಮದ ಪ್ರಕಾರ ಒಂದು ಸೆಮಿಸ್ಟರ್ ಯೂನಿಟ್ ಎಂದರೆ ಪಾಠ, ಮನೆಯ ಓದು ಎಲ್ಲ ಸೇರಿ ಸುಮಾರು 48 ಗಂಟೆಯ ಕೆಲಸ. ನಾಲ್ಕು ಯೂನಿಟ್‌ನ ಕೋರ್ಸ್ ಆದರೆ 192 ಗಂಟೆ. ಆರು ವಾರಕ್ಕೆ ಹಂಚಿದರೆ ವಾರಕ್ಕೆ 32 ಗಂಟೆ. ಇದರ ಜೊತೆಗೆ ಈಜು, ಭರತನಾಟ್ಯ, ಸ್ವಯಂಸೇವೆ ಎಂದು ತುರುಕಿದರೆ ಮಗು ಕುಸಿಯುತ್ತದೆ. ನಮ್ಮ ನೆರೆಮನೆಯ ಹುಡುಗ ಒಂದೇ ಬೇಸಿಗೆಯಲ್ಲಿ ಕಲನಶಾಸ್ತ್ರ, ರಸಾಯನಶಾಸ್ತ್ರ ಎರಡನ್ನೂ ಹಿಡಿದ. ನಾಲ್ಕನೆಯ ವಾರಕ್ಕೆ ಒಂದರಿಂದ ಹಿಂದೆ ಸರಿದ, ಇನ್ನೊಂದರಲ್ಲಿ ಸಿ ಬಂತು. ಹಿಂದೆ ಸರಿದದ್ದಕ್ಕೆ ಸಿಕ್ಕ ‘ಡಬ್ಲ್ಯು’ ಕೂಡ ಕಾಲೇಜಿನ ಅಂಕಪಟ್ಟಿಯಲ್ಲಿ ಹಾಗೆಯೇ ಉಳಿಯುತ್ತದೆ. ಇದು ಶಾಲೆಯ ಪರೀಕ್ಷೆಯಲ್ಲ, ಶಾಶ್ವತವಾದ ಕಾಲೇಜು ದಾಖಲೆ. ಮುಂದೆ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವಾಗ ಕೂಡ ಹೈಸ್ಕೂಲಿನಲ್ಲಿದ್ದಾಗ ಮಾಡಿದ ಕಾಲೇಜು ಕೋರ್ಸ್‌ಗಳ ಗ್ರೇಡ್ ತೋರಿಸಲೇಬೇಕು. ದಾಖಲೆಯೇ ಉಳಿಯದಂತೆ ಬಿಡಲು ಒಂದು ಗಡುವು ಇರುತ್ತದೆ, ಬೇಸಿಗೆಯಲ್ಲಿ ಅದು ತೀರ ಬೇಗ ಬಂದುಬಿಡುತ್ತದೆ. ಆ ದಿನಾಂಕವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ.

ಮಗಳ ತರಗತಿಯಲ್ಲಿ ಇದ್ದವರು ಯಾರು ಗೊತ್ತೇ? ರಾತ್ರಿ ಪಾಳಿ ಮುಗಿಸಿ ಬರುವ ಆಸ್ಪತ್ರೆಯ ಸಹಾಯಕಿ, ಸೈನ್ಯದಿಂದ ಬಂದ ಯುವಕ, ಸರಕು ವ್ಯಾನ್ ಓಡಿಸುವ ನಲವತ್ತು ದಾಟಿದ ಒಬ್ಬರು. ಆ ವ್ಯಾನಿನವರೂ ಇವಳೂ ಒಂದೇ ಅಧ್ಯಯನ ಗುಂಪಿನಲ್ಲಿದ್ದರು. ‘ಅಮ್ಮ, ಅವರು ನನ್ನನ್ನು ಚಿಕ್ಕವಳೆಂದು ನೋಡುವುದೇ ಇಲ್ಲ. ನನಗೆ ಗೊತ್ತಿಲ್ಲದಿದ್ದರೆ ಅವರು ಹೇಳಿಕೊಡುತ್ತಾರೆ, ಅವರಿಗೆ ಗೊತ್ತಿಲ್ಲದಿದ್ದರೆ ನನ್ನನ್ನು ಕೇಳುತ್ತಾರೆ’ ಎಂದಳು. ದಾವಣಗೆರೆಯಲ್ಲಿ ನಾನು ಪಿಯುಸಿಗೆ ಸೇರಿದಾಗ ಪಿಸಿಎಂಬಿ ಎಂಬ ನಾಲ್ಕಕ್ಷರ ಆರಿಸಿಕೊಂಡದ್ದೇ ಕೊನೆ, ಆಮೇಲೆ ಬೇರೆ ಬಾಗಿಲೇ ಇರಲಿಲ್ಲ. ತರಗತಿಯಲ್ಲಿ ಎಲ್ಲರದೂ ಒಂದೇ ವಯಸ್ಸು, ಒಂದೇ ಸಿಇಟಿ ಭಯ. ನಲವತ್ತು ದಾಟಿದವರ ಪಕ್ಕದಲ್ಲಿ ಕುಳಿತು ಹದಿನಾರರ ಹುಡುಗಿ ಕಲಿಯುವುದನ್ನು ನೋಡಿ ನನಗೆ ಹೊಟ್ಟೆ ತುಂಬಿದಂತಾಯಿತು.

ಕೊನೆಯ ಯೋಜನೆಗೆ ಅವರವರೇ ಅಂಕಿಅಂಶ ಕಲೆಹಾಕಬೇಕಿತ್ತು. ಇವಳು ತಾನು ದಿನಾ ಕಾಯುತ್ತಿದ್ದ ಬಸ್ಸನ್ನೇ ಹಿಡಿದಳು. ಅಂಗೈಯಗಲದ ನೋಟ್‌ಪುಸ್ತಕದಲ್ಲಿ ಎರಡು ಕಾಲಂ: ವೇಳಾಪಟ್ಟಿಯ ಸಮಯ, ಬಸ್ ಬಂದ ಸಮಯ. ಪೆನ್ಸಿಲಿನಲ್ಲಿ 8.04, 8.09, 8.04, 8.02, ಒಂದು ಕಡೆ ಮಳೆಯಿಲ್ಲದ ಊರಿನಲ್ಲಿ ನೀರಿನ ಬಾಟಲಿ ಸೋರಿ ಅಂಕಿ ಹರಡಿಹೋಗಿತ್ತು, ಆ ಸಾಲನ್ನು ಹೊಡೆದುಹಾಕಿ ‘ಲೆಕ್ಕಕ್ಕಿಲ್ಲ’ ಎಂದು ಕನ್ನಡದಲ್ಲೇ ಬರೆದಿದ್ದಳು. ಒಟ್ಟು 42 ಸಲ. ಬಸ್ ತಡವಾಗುತ್ತದೆಂದು ಅವಳು ನಂಬಿದ್ದಳು. ಲೆಕ್ಕ ಮಾಡಿ ನೋಡಿದರೆ ಸರಾಸರಿ ತಡ ಅವಳು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಬೇಗ ಬಂದು ಹೊರಟುಹೋದ ಬಸ್ಸುಗಳೇ ಅವಳನ್ನು ಹೆಚ್ಚು ಕಾಡಿದ್ದವು. ತನ್ನ ನಂಬಿಕೆ ಸುಳ್ಳಾದದ್ದನ್ನು ಅವಳು ಅಷ್ಟು ಉತ್ಸಾಹದಿಂದ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಯುಸಿ ಅರ್ಜಿಯಲ್ಲಿ ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಉತ್ತರ ಬರೆಯಬೇಕು, ಒಂದೊಂದು 350 ಪದ ಮೀರಬಾರದು. ಅವುಗಳಲ್ಲಿ ಒಂದು, ದೊರೆತ ಶೈಕ್ಷಣಿಕ ಅವಕಾಶವನ್ನು ಹೇಗೆ ಬಳಸಿಕೊಂಡಿರಿ ಎಂಬುದು. ಅದಕ್ಕೆ ಅವಳು ಬರೆದದ್ದು ಈ ನೋಟ್‌ಪುಸ್ತಕದ ಬಗ್ಗೆ.

ಈಗ ಎಲ್ಲರೂ ಕಾಯುತ್ತಿರುವ ಲೆಕ್ಕ. ಯುಸಿಗೆ ವರ್ಗಾವಣೆಯಾಗುವಂಥ ಕಾಲೇಜು ಕೋರ್ಸ್ ಮೂರು ಸೆಮಿಸ್ಟರ್ ಯೂನಿಟ್ ಅಥವಾ ನಾಲ್ಕು ಕ್ವಾರ್ಟರ್ ಯೂನಿಟ್‌ನದಾದರೆ, ಒಂದೇ ಅವಧಿಯಲ್ಲಿ ಮುಗಿದರೂ ಅದನ್ನು ಹೈಸ್ಕೂಲಿನ ಒಂದು ವರ್ಷದ ಓದಿಗೆ ಸಮ ಎಂದು ಎಣಿಸುತ್ತಾರೆ. ಜಿಪಿಎ, ಅಂದರೆ ಗ್ರೇಡುಗಳ ಸರಾಸರಿಯ ಲೆಕ್ಕದಲ್ಲಿ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡಿಗೆ ಒಂದು ಅಂಕ ಹೆಚ್ಚು ಸೇರುತ್ತದೆ, ಅಂದರೆ ಎ ಬಂದರೆ ನಾಲ್ಕರ ಬದಲು ಐದು. ಆದರೆ ಎಪಿ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಕೋರ್ಸ್), ಆನರ್ಸ್ ಎಲ್ಲ ಸೇರಿ ಎಂಟು ಸೆಮಿಸ್ಟರ್‌ಗೆ ಮಾತ್ರ ಈ ಹೆಚ್ಚುವರಿ ಅಂಕ. ಆಗಲೇ ಮೂರು ನಾಲ್ಕು ಎಪಿ ತೆಗೆದುಕೊಂಡ ಮಗುವಿಗೆ ಇದರಿಂದ ಜಿಪಿಎ ಏರುವುದು ಅಷ್ಟಕ್ಕಷ್ಟೇ. ಎಣಿಕೆಗೆ ಬರುವುದು ಒಂಬತ್ತನೆಯ ತರಗತಿ ಮುಗಿದ ಬೇಸಿಗೆಯಿಂದ ಹನ್ನೊಂದನೆಯದು ಮುಗಿದ ಬೇಸಿಗೆಯವರೆಗೆ. ಯುಸಿ ಈಗ ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯ ಅಂಕ ನೋಡುವುದಿಲ್ಲವಾದ್ದರಿಂದ ಆಯ್ದುಕೊಂಡ ಕೋರ್ಸ್‌ಗಳ ಮೇಲೆ ಕಣ್ಣು ಹೆಚ್ಚು ಬೀಳುತ್ತದೆ. ಯಾವ ಕಾಲೇಜಿನ ಯಾವ ಕೋರ್ಸ್ ವರ್ಗಾವಣೆಯಾಗುತ್ತದೆ ಎಂಬುದಕ್ಕೆ ಅಸಿಸ್ಟ್ ಎಂಬ ಅಧಿಕೃತ ಜಾಲತಾಣವಿದೆ, ಬೇರೆ ಯಾರ ಮಾತನ್ನೂ ನಂಬಬೇಕಾಗಿಲ್ಲ. ಖಾಸಗಿ ವಿಶ್ವವಿದ್ಯಾಲಯಗಳದು ಅವರವರ ನಿಯಮ; ಹೈಸ್ಕೂಲಿನ ಲೆಕ್ಕಕ್ಕೆ ಸೇರಿಸಿಕೊಂಡ ಕೋರ್ಸಿಗೆ ಮತ್ತೆ ಕ್ರೆಡಿಟ್ ಕೊಡದವರೂ ಇದ್ದಾರೆ.

ಎರಡನೆಯ ಬೇಸಿಗೆ ಕಷ್ಟದ ಪ್ರಶ್ನೆ ತಂದಿತು. ಊರಿಗೆ ಹೋಗಿ ಮೂರು ವರ್ಷವಾಗಿತ್ತು, ನಮ್ಮಮ್ಮ ದಿನಾ ಫೋನಿನಲ್ಲಿ ಕೇಳುತ್ತಿದ್ದರು. ಕೋರ್ಸ್‌ಗಾಗಿ ಅಜ್ಜಿ ಮನೆ ಬಿಡುವುದು ನನಗೆ ಒಪ್ಪಿಗೆಯಿರಲಿಲ್ಲ. ಮಗಳು ಆನ್‌ಲೈನ್‌ನಲ್ಲಿ ಸಾಂಸ್ಕೃತಿಕ ಮಾನವಶಾಸ್ತ್ರ ಹುಡುಕಿದಳು. ಪರಿಚಯದವರು ‘ಅದರಿಂದ ಏನು ಉಪಯೋಗ, ಕಂಪ್ಯೂಟರಿನದು ತೆಗೆದುಕೊಳ್ಳಬಾರದಿತ್ತೇ?’ ಎಂದರು. ನನ್ನ ಮನಸ್ಸೂ ಅಲುಗಾಡಿತು ಎನ್ನುವುದು ನಿಜ.

ಆನ್‌ಲೈನ್ ಎಂದು ಬರೆದಿದ್ದರೆ ಸಾಲದು, ನಿಗದಿತ ಹೊತ್ತಿಗೆ ಕೂರಬೇಕಾದ ತರಗತಿಯೋ ಅಲ್ಲವೋ ನೋಡಬೇಕು. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾಕ್ಕಿಂತ ಊರು ಹನ್ನೆರಡೂವರೆ ಗಂಟೆ ಮುಂದೆ. ಭಾನುವಾರ ರಾತ್ರಿ 11.59ರ ಗಡುವು ದಾವಣಗೆರೆಯಲ್ಲಿ ಸೋಮವಾರ ಮಧ್ಯಾಹ್ನ 12.29. ಸಂಜೆ ಆರರ ಪರೀಕ್ಷೆ ಬೆಳಿಗ್ಗೆ ಆರೂವರೆಗೆ. ಕರೆಂಟ್ ಹೋದರೆ ಎಂದು ನನ್ನ ತಮ್ಮ ಯುಪಿಎಸ್ಸಿನ ಬ್ಯಾಟರಿಗೆ ನೀರು ತುಂಬಿಸಿ, ಮೊಬೈಲ್ ಹಾಟ್‌ಸ್ಪಾಟ್ ಸಿದ್ಧ ಮಾಡಿಕೊಂಡು ಬಾಗಿಲ ಹೊರಗೆ ಕುಳಿತಿದ್ದ. ಮೇಷ್ಟ್ರಿಗೆ ಮೊದಲೇ ಬರೆದು, ವಿದೇಶದಿಂದ ಓದಬಹುದೇ ಎಂದು ಕೇಳಿ ಒಪ್ಪಿಗೆ ಪಡೆದಿದ್ದಳು. ನೀವೂ ಹಾಗೆಯೇ ಮಾಡಿ.

ಮೂರನೆಯ ವಾರದ ಕೆಲಸ ಒಂದು ಕುಟುಂಬದ ಬಂಧುತ್ವದ ನಕ್ಷೆ. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಮದುವೆಗೆ ಸಮಚಿಹ್ನೆ. ಮಗಳು ಲ್ಯಾಪ್‌ಟಾಪಿನಲ್ಲಿ ಶುರು ಮಾಡಿದಳು. ಆದರೆ ನಮ್ಮಮ್ಮ ಮದುವೆಯಾದದ್ದು ತಮ್ಮ ಸೋದರಮಾವನನ್ನು. ಗೆರೆ ಒಂದು ತಲೆಮಾರು ಮೇಲಕ್ಕೆ ಹೋಗಿ ಮತ್ತೆ ಕೆಳಗಿಳಿಯಬೇಕು. ಆ ತಂತ್ರಾಂಶ ಅದಕ್ಕೆ ಒಪ್ಪಲಿಲ್ಲ. ಕೊನೆಗೆ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ನಡುಮನೆಯಲ್ಲಿ ಹರಡಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು, ಹಿಂಬದಿಯಲ್ಲಿ ಬರೆಯತೊಡಗಿದಳು. ‘ಅಜ್ಜಿ, ಇವರು ನಿಮ್ಮ ಅಮ್ಮನ ಅಮ್ಮ. ಅಂದರೆ ನಿಮಗೆ ಅಜ್ಜಿ. ಅವರೇ ನಿಮ್ಮ ಗಂಡನ ತಾಯಿ. ಹಾಗಾದರೆ ನೀವು ಅವರನ್ನು ಏನೆಂದು ಕರೆಯುತ್ತಿದ್ದಿರಿ?’ ಎಂದು ಕೇಳಿದಳು. ‘ಮದುವೆಗೆ ಮುಂಚೆ ಅಜ್ಜಿ ಎನ್ನುತ್ತಿದ್ದೆ ಕಂದ. ಆಮೇಲೂ ಬಾಯಿಗೆ ಅಜ್ಜಿ ಎಂದೇ ಬರುತ್ತಿತ್ತು. ಜನರ ಮುಂದೆ ಮಾತ್ರ ಅತ್ತೆ’ ಎಂದರು ನಮ್ಮಮ್ಮ. ನಾನು ಐವತ್ತು ವರ್ಷ ಈ ಮನೆಯ ಮಗಳಾಗಿದ್ದೂ ಈ ಮಾತನ್ನು ಕೇಳಿರಲಿಲ್ಲ.

ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಅಮ್ಮನ ಅಣ್ಣನೂ ಮಾವ, ಗಂಡನ ತಂದೆಯೂ ಮಾವ. ನಾವು ಯೋಚಿಸದೆ ಆಡುವ ಮಾತು. ಇದು ಒಂದು ವ್ಯವಸ್ಥೆ, ಮಾನವಶಾಸ್ತ್ರಜ್ಞರು ಇದನ್ನು ದ್ರಾವಿಡ ಬಂಧುತ್ವ ಎಂದು ಕರೆಯುತ್ತಾರೆ, ನ್ಯೂಯಾರ್ಕ್ ರಾಜ್ಯದ ವಕೀಲ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದ ಕೋಷ್ಟಕಗಳಲ್ಲಿ ತಮಿಳು, ತೆಲುಗಿನ ಜೊತೆಗೆ ಕನ್ನಡದ ಬಂಧುವಾಚಕಗಳೂ ಇವೆ ಎಂಬುದನ್ನು ನಮಗೆಲ್ಲ ಹೇಳಿದವಳು ಸನ್ನಿವೇಲ್‌ನಲ್ಲಿ ಹುಟ್ಟಿದ ಈ ಹುಡುಗಿ. ನಮ್ಮಮ್ಮ ಆ ಕ್ಯಾಲೆಂಡರ್ ಹಾಳೆಯನ್ನು ಮಡಚಲು ಬಿಡಲಿಲ್ಲ. ಫೋಟೊ ತೆಗೆದು ಕಾಲೇಜಿಗೆ ಕಳುಹಿಸಿ, ಮೂಲ ಪ್ರತಿ ಇಲ್ಲಿಯೇ ಇರಲಿ ಎಂದರು.

ಎರಡೂ ಕೋರ್ಸ್‌ಗಳಲ್ಲಿ ಅವಳಿಗೆ ಎ ಬಂತು. ಅರ್ಜಿ ಹಾಕಿದ ಕಡೆಗಳಲ್ಲಿ ಕೆಲವರು ಕರೆದರು, ಕೆಲವರು ಇಲ್ಲವೆಂದರು. ಈಗ ಯುಸಿಯ ಒಂದು ಕ್ಯಾಂಪಸ್ಸಿನಲ್ಲಿ ಓದುತ್ತಿದ್ದಾಳೆ, ಸಂಖ್ಯಾಶಾಸ್ತ್ರದ ಕ್ರೆಡಿಟ್ ಅಲ್ಲಿಗೆ ವರ್ಗಾವಣೆಯಾಗಿ ಒಂದು ಕೋರ್ಸ್ ಉಳಿಯಿತು. ಈ ಎರಡು ಬೇಸಿಗೆಗಳಿಂದಲೇ ಸೀಟು ಸಿಕ್ಕಿತು ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳುವವರನ್ನು ನೀವು ನಂಬಲೂಬೇಡಿ.

ಊಟದ ಸಾಲಿನಲ್ಲಿ ಕೇಳಿದ ನಾಲ್ವರಲ್ಲಿ ಒಬ್ಬರು ಮಗನಿಗೆ ಡೇಟಾ ಸೈನ್ಸ್ ಎಂದು ಆಗಲೇ ಗೊತ್ತು ಮಾಡಿದ್ದರು. ಆ ಹುಡುಗನನ್ನು ನಾನು ಬಲ್ಲೆ. ಅವರ ಹಿತ್ತಲಿನಲ್ಲಿ ಹತ್ತು ಕುಂಡಗಳಲ್ಲಿ ಬದನೆ, ಮೆಣಸಿನಕಾಯಿ, ಬಸಳೆ ಬೆಳೆದಿರುವವನು ಅವನು. ಯಾವ ಗಿಡಕ್ಕೆ ಯಾವ ದಿನ ಗೊಬ್ಬರ ಹಾಕಿದೆ ಎಂದು ಬರೆದಿಡುತ್ತಾನೆ. ‘ಕಾಲೇಜಿನ ಪಟ್ಟಿಯಲ್ಲಿ ಸಸ್ಯಶಾಸ್ತ್ರ ಅಥವಾ ತೋಟಗಾರಿಕೆ ಇದೆಯೇ ನೋಡಿ, ಇದ್ದರೆ ಅದು ವರ್ಗಾವಣೆಯಾಗುತ್ತದೆಯೇ ಎಂದು ಅಸಿಸ್ಟ್‌ನಲ್ಲಿ ನೋಡಿ, ಆಮೇಲೆ ಅವನನ್ನೇ ಕೇಳಿ’ ಎಂದೆ. ಅವತ್ತು ರಾತ್ರಿ ಹತ್ತೂವರೆಗೆ ಅವರಿಂದ ಸಂದೇಶ ಬಂತು: ಕೋರ್ಸ್ ಇದೆ, ಹುಡುಗ ಕುಣಿಯುತ್ತಿದ್ದಾನೆ, ಫಾರಂ ಎಲ್ಲಿ ಸಿಗುತ್ತದೆ? ನಾನು ಫಾರಂನ ಕೊಂಡಿ ಕಳುಹಿಸಿ, ಸೋಮವಾರ ಬೆಳಿಗ್ಗೆಯೇ ಕೌನ್ಸೆಲರ್‌ಗೆ ಬರೆಯಲಿ, ಬರೆಯುವುದು ಅವನೇ ಆಗಿರಲಿ ಎಂದು ಉತ್ತರಿಸಿದೆ.